ವಲಸೆ ಅರ್ಜಿಗಳ ವಿಳಂಬ ಮತ್ತು ಸಿಬ್ಬಂದಿಯ ಕೊರತೆ

ಕರ್ನಾಟಕದ ಸಾಫ್ಟ್‌ವೇರ್ ಸೇವಾ ಸಂಸ್ಥೆಗಳಿಗೆ ಅಮೆರಿಕ ಪ್ರಮುಖ ಮಾರುಕಟ್ಟೆ. ಅಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವ ತಂತ್ರಜ್ಞರ ಅರ್ಜಿಗಳು ತಡವಾದಾಗಲೆಲ್ಲ ಕಾನೂನನ್ನು ದೂರುವುದು ವಾಡಿಕೆ. ಕಾನೂನಿನ ತೊಡಕುಗಳು ಇಲ್ಲವೆಂದಲ್ಲ. ಆದರೆ ಕಡತವನ್ನು ಪರಿಶೀಲಿಸುವ ಅಧಿಕಾರಿಗಳ ಸಂಖ್ಯೆಯತ್ತ ಉದ್ಯಮ ವಲಯದ ಗಮನ ಹರಿದಿರುವುದು ಕಡಿಮೆ.

ಅಮೆರಿಕದ ಪೌರತ್ವ ಮತ್ತು ವಲಸೆ ಸೇವಾ ಇಲಾಖೆಯ ವೆಚ್ಚದಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಅರ್ಜಿದಾರರ ಶುಲ್ಕದಿಂದಲೇ ಭರ್ತಿಯಾಗುತ್ತದೆ. ಈ ಏರ್ಪಾಡಿನ ದೋಷ 2020ರಲ್ಲಿ ಬಯಲಾಯಿತು. ಕೋವಿಡ್‌ನಿಂದಾಗಿ ಹೊಸ ಅರ್ಜಿಗಳು ಕುಸಿದು ಆದಾಯ ಇಳಿದಾಗ, ಇಲಾಖೆಯು ನೇಮಕಾತಿಯನ್ನು ಸ್ಥಗಿತಗೊಳಿಸಿತು. 13,000ಕ್ಕೂ ಹೆಚ್ಚು ನೌಕರರನ್ನು ವೇತನರಹಿತ ರಜೆಯ ಮೇಲೆ ಕಳುಹಿಸಲು ಸಿದ್ಧವಾಯಿತು. ರಜೆಯ ಪ್ರಸ್ತಾಪವನ್ನು ಆಗಸ್ಟ್‌ನಲ್ಲಿ ಕೈಬಿಡಲಾಯಿತಾದರೂ ನೇಮಕಾತಿ ನಿರ್ಬಂಧ 2021ರ ಮಾರ್ಚ್‌ವರೆಗೂ ಮುಂದುವರಿಯಿತು. ಹೊಸ ಶುಲ್ಕ ಬಾರದಿದ್ದರೂ ಹಳೆಯ ಕಡತಗಳು ಹಾಗೆಯೇ ಉಳಿಯುತ್ತವೆ ಎಂಬುದನ್ನು ಈ ವ್ಯವಸ್ಥೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇದರ ಫಲ ಘೋರವಾಗಿತ್ತು. ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ಗಳ ವಾರ್ಷಿಕ ಮಿತಿ ಸಾಮಾನ್ಯವಾಗಿ 1.4 ಲಕ್ಷ. ಕುಟುಂಬ ವರ್ಗದಲ್ಲಿ ಉಳಿದವು ಸೇರಿ 2021ರ ಹಣಕಾಸು ವರ್ಷದಲ್ಲಿ ಅದು ಸುಮಾರು 2.62 ಲಕ್ಷಕ್ಕೇರಿತ್ತು. ಕಚೇರಿಗಳು ಮುಚ್ಚಿದ್ದರಿಂದಲೂ ಸಿಬ್ಬಂದಿ ಸಾಲದೆ ಹೋದುದರಿಂದಲೂ ಸುಮಾರು 66,000 ಕಾರ್ಡ್‌ಗಳು ಬಳಕೆಯಾಗದೆ ವ್ಯರ್ಥವಾದವು. ದೇಶವಾರು ಶೇ. 7ರ ಮಿತಿಯಿಂದ ವರ್ಷಗಟ್ಟಲೆ ಕಾಯುತ್ತಿರುವ ಭಾರತೀಯರಿಗೆ ಇದು ತುಂಬಲಾರದ ನಷ್ಟ. ಮರುವರ್ಷ ಈ ಅರ್ಜಿಗಳಿಗೆ ಆದ್ಯತೆಯ ಮೇಲೆ ಸಿಬ್ಬಂದಿಯನ್ನು ತೊಡಗಿಸಲಾಗಿ, ಅದೇ ಕಾನೂನಿನಡಿ ಲಭ್ಯವಿದ್ದ ಸುಮಾರು 2.8 ಲಕ್ಷ ಕಾರ್ಡ್‌ಗಳು ಬಹುತೇಕ ಬಳಕೆಯಾದವು.

ತ್ವರಿತ ವಿಲೇವಾರಿಗೆ ಹೆಚ್ಚುವರಿ ಶುಲ್ಕ ತೆರುವ ಮಾರ್ಗವಿದೆಯಲ್ಲ ಎಂಬ ವಾದವುಂಟು. 2001ರಲ್ಲಿ 1,000 ಡಾಲರ್ ಇದ್ದ ಆ ಶುಲ್ಕ 2024ರ ಫೆಬ್ರುವರಿಯಲ್ಲಿ 2,805 ಡಾಲರ್ ಆಯಿತು. ಈ ಹಣವನ್ನು ಬಾಕಿ ಕಡತಗಳ ವಿಲೇವಾರಿಗೂ ಬಳಸಲು ಕಾನೂನಿನಲ್ಲಿ ಅವಕಾಶವಿದೆ, ನಿಜ. ಆದರೂ ದೊಡ್ಡ ಸಂಸ್ಥೆಗಳು ಭರಿಸಬಲ್ಲ ಈ ಹೊರೆ ಸಣ್ಣ ಉದ್ದಿಮೆಗೆ ದುಬಾರಿ. ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಸಲ್ಲಿಸಿದ ನೌಕರನು ಅದೇ ಸಂಸ್ಥೆಯಲ್ಲಿ 240 ದಿನಗಳವರೆಗೆ ಕೆಲಸ ಮುಂದುವರಿಸಬಹುದು. ಅಷ್ಟರೊಳಗೆ ತೀರ್ಮಾನ ಬಾರದಿದ್ದರೆ ಕೆಲಸ ನಿಲ್ಲಿಸಬೇಕಾಗುತ್ತದೆ. ಆಗ ಒಪ್ಪಂದದ ಗಡುವು ತಪ್ಪುವುದು ಇಲ್ಲಿನ ಸಂಸ್ಥೆಗೆ.

ಆದ್ದರಿಂದ ವಾಣಿಜ್ಯ ಸಂಸ್ಥೆಗಳ ಬೇಡಿಕೆ ವೀಸಾಗಳ ಸಂಖ್ಯೆಗಷ್ಟೇ ಸೀಮಿತವಾಗಬಾರದು. ಆದಾಯ ಕುಸಿದಾಗಲೂ ಅನುಭವಿ ಅಧಿಕಾರಿಗಳನ್ನು ಉಳಿಸಿಕೊಳ್ಳುವಂತಹ ಸ್ಥಿರ ಅನುದಾನದ ಪ್ರಶ್ನೆಯನ್ನೂ ಉಭಯ ದೇಶಗಳ ಮಾತುಕತೆಯಲ್ಲಿ ಎತ್ತುವುದು ಅಗತ್ಯ. ಅಲ್ಲಿಯವರೆಗೆ, ಅವಧಿ ಮುಗಿಯುವುದಕ್ಕೆ 6 ತಿಂಗಳು ಮೊದಲೇ ಅರ್ಜಿ ಸಲ್ಲಿಸಲು ಇರುವ ಅವಕಾಶವನ್ನು ಉದ್ದಿಮೆಗಳು ತಪ್ಪದೆ ಬಳಸಿಕೊಳ್ಳುವುದು ಲೇಸು.