ಅಕ್ಕನ ಅಪ್ಪೆಮಿಡಿ, ನನ್ನ ಎಚ್‌ಟಿಎಂಎಲ್

ಸಾಗರದ ಹತ್ತಿರ ಇರೋ ನಮ್ಮ ದೊಡ್ಡಮ್ಮನ ಮಗಳು ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರ್ತಾಳೆ. ಎರಡು ವರ್ಷದ ಹಿಂದೆ "ನಂಗೊಂದು ವೆಬ್‌ಸೈಟ್ ಮಾಡ್ಕೊಡೋ" ಅಂದಳು. ಆಫೀಸಿನ ಗೆಳೆಯ, "ಡ್ರ್ಯಾಗ್ ಅಂಡ್ ಡ್ರಾಪ್ ಎಡಿಟರ್‌ನಲ್ಲಿ ಒಂದು ಸಂಜೆ ಕೆಲಸ, ಮುಗಿಸಿಬಿಡು" ಅಂದ. ನನಗೆ ಸಿಟ್ಟೇ ಬಂತು. ಎಂಜಿನಿಯರಿಂಗ್‌ನಲ್ಲಿ ವೆಬ್ ಲ್ಯಾಬಿನ ರೆಕಾರ್ಡ್ ಪುಸ್ತಕದಲ್ಲಿ ಟೇಬಲ್ ಟ್ಯಾಗನ್ನೂ ಫಾರ್ಮ್ ಟ್ಯಾಗನ್ನೂ ಪೆನ್ನಲ್ಲಿ ಬರೆದು ಸಹಿ ಹಾಕಿಸಿಕೊಂಡವನು ನಾನು. ಅಕ್ಷರಶಃ ಕೈಬರಹದ ಕೋಡು! ಅಂಥವನು ಮೌಸ್ ಹಿಡಿದು ಡಬ್ಬಿ ಎಳೆದು ಕೂರಿಸೋದಾ?

ಮೂರು ವೀಕೆಂಡ್ ಕೂತು ನಾನೇ ಬರೆದೆ. ಒಂದು ಎಚ್‌ಟಿಎಂಎಲ್ ಫೈಲು, ಒಂದು ಸಿಎಸ್ಎಸ್ ಫೈಲು, ಸಣ್ಣದು ಮಾಡಿದ ನಾಲ್ಕು ಫೋಟೋ. ಅಷ್ಟೇ. ಅಕ್ಕನ ಮನೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದಾಗಲೂ ಪೇಜ್ ಥಟ್ಟನೆ ತೆರೆದುಕೊಳ್ತಿತ್ತು. ನಿಜ ಹೇಳ್ತೀನಿ, ಆಫೀಸಿನ ಯಾವ ಪ್ರಾಜೆಕ್ಟಿನ ಮೇಲೂ ನನಗೆ ಅಷ್ಟು ಪ್ರೀತಿ ಹುಟ್ಟಿರಲಿಲ್ಲ.

ತೊಂದರೆ ಶುರುವಾಗಿದ್ದು ಮರುವರ್ಷ. ಮಿಡಿ ಕಮ್ಮಿ ಬಂತು, ರೇಟು ಏರಿತು. ಅಕ್ಕ ಫೋನ್ ಮಾಡಿ, "ಬಾಟಲಿಗೆ 420 ಇದ್ದಿದ್ದು 480 ಮಾಡೋ" ಅಂದಳು. ನಮ್ಮಲ್ಲಿ ರಿಲೀಸ್ ನಡೀತಿತ್ತು. "ವೀಕೆಂಡ್ ಮಾಡ್ತೀನಿ ಅಕ್ಕಾ" ಅಂದೆ. ಇನ್ನೊಮ್ಮೆ ಮಾಡಿದಳು. ಅದೇ ಉತ್ತರ. ಆಮೇಲೆ ಅವಳು ಕೇಳಲೇ ಇಲ್ಲ, ನನಗೂ ಮರೆತುಹೋಯ್ತು.

ದೀಪಾವಳಿಗೆ ಹೋದಾಗ ಅವಳ ಲೆಕ್ಕದ ನೋಟ್‌ಬುಕ್ ಕಣ್ಣಿಗೆ ಬಿತ್ತು. ಪೇಜ್ ನೋಡಿ ಬಂದವರಿಗೆಲ್ಲ 420ಕ್ಕೇ ಕೊಟ್ಟಿದ್ದಾಳೆ. 23 ಬಾಟಲಿ. 1,380 ರೂಪಾಯಿ ಕೈಬಿಟ್ಟಿದ್ದಾಳೆ. "ಅಲ್ಲಿ ಹಾಕಿದ ಮೇಲೆ ಅದೇ ಮಾತು ಅಲ್ವೇನೋ. ನಿಂಗೆ ಎಷ್ಟು ಸಲ ತೊಂದ್ರೆ ಕೊಡ್ಲಿ?" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ರಾತ್ರಿ ಪಿಯುಸಿ ಓದೋ ಅವಳ ಮಗಳು ಒಂದು ವಿಷುಯಲ್ ಎಡಿಟರ್ ತೆಗೆದು, ಎರಡು ಗಂಟೆಯಲ್ಲಿ ಹೊಸ ಪೇಜ್ ನಿಲ್ಲಿಸಿದಳು. ನೋಡೋಕೆ ನನ್ನದಕ್ಕಿಂತ ಚೆಂದ. ಒಂದೇ ಹುಳುಕು. ಮೇಲಿನ ದೊಡ್ಡ ಹೆಡ್ಡಿಂಗಲ್ಲಿ 'ಪ'ದ ಒತ್ತು ಕತ್ತರಿಸಿಹೋಗಿ, ಅಪ್ಪೆಮಿಡಿ 'ಅಪೆಮಿಡಿ' ಆಗಿತ್ತು. ಅವಳು ಅಕ್ಷರ ಚಿಕ್ಕದು ಮಾಡಿದಳು, ದೊಡ್ಡದು ಮಾಡಿದಳು, ಫಾಂಟ್ ಬದಲಿಸಿದಳು. ಒತ್ತು ಮಾತ್ರ ಬರಲಿಲ್ಲ.

ಈಗ ನನ್ನ ಸರದಿ. ಕೋಡ್ ತೆರೆದು ನೋಡಿದರೆ ಒಂದು ಹೆಡ್ಡಿಂಗಿಗೆ ಡಿವ್ ಒಳಗೆ ಡಿವ್, ಅದರೊಳಗೆ ಮತ್ತೊಂದು, ಈರುಳ್ಳಿ ಸುಲಿದ ಹಾಗೆ. ಟೆಂಪ್ಲೇಟ್ ಮಾಡಿದವರು ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಸಾಲಿನ ಎತ್ತರ ಬಿಗಿ ಮಾಡಿ, ಡಬ್ಬಿಯಿಂದ ಹೊರಗೆ ಚಾಚಿದ್ದನ್ನ ಮರೆಮಾಡು ಅಂತ ಬರೆದಿದ್ದರು. ಕನ್ನಡದ ಒತ್ತು ಕೆಳಗೆ ಇಳಿಯುತ್ತೆ ಅನ್ನೋದು ಅವರಿಗೆ ಹೊಳೆದೇ ಇಲ್ಲ. ಕಸ್ಟಮ್ ಸಿಎಸ್ಎಸ್ ಜಾಗದಲ್ಲಿ ಲೈನ್-ಹೈಟ್ 1.6 ಅಂತ ಒಂದು ಸಾಲು ಹಾಕಿದೆ. ಒತ್ತು ಬಂತು. ಹುಡುಗಿ "ಮಾಮಾ, ಇದು ಹೆಂಗೆ ಗೊತ್ತಾಯ್ತು?" ಅಂದಳು. ಮೂರು ವೀಕೆಂಡಿನ ಸಂಬಳ ಅಲ್ಲೇ ಸಿಕ್ಕಿತು ಅನ್ನಿ.

ಈ ಜಗಳ ಹೊಸದೇನಲ್ಲ. 1996ರಲ್ಲಿ ಮೈಕ್ರೋಸಾಫ್ಟ್ ಕೈಗೆ ಫ್ರಂಟ್‌ಪೇಜ್ ಬಂತು, 1997ರಲ್ಲಿ ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ ಬಂತು. ಕೈಯಲ್ಲಿ ಬರೆಯೋರು ಆಗಲೇ ಮೂಗು ಮುರಿದಿದ್ದರು, ಎಡಿಟರ್ ಉಗುಳೋ ಕೋಡು ಗಲೀಜು ಅಂತ. ತಮಾಷೆ ಅಂದ್ರೆ, 1990ರಲ್ಲಿ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಬರೆದ ಮೊಟ್ಟಮೊದಲ ಬ್ರೌಸರೇ ಎಡಿಟರೂ ಆಗಿತ್ತು. ಪೇಜನ್ನು ಓದೋ ಕಿಟಕಿಯಲ್ಲೇ ಬರೆಯಬಹುದಿತ್ತು. ಅಂದ್ರೆ ಅಕ್ಕನಂಥವರ ದಾರಿಯೇ ಹಳೇದು, ನನ್ನ ನೋಟ್‌ಪ್ಯಾಡ್ ಗತ್ತು ಆಮೇಲಿನದು.

ಹಾಗಂತ ನಾನು ಪೂರ್ತಿ ಸೋಲು ಒಪ್ಪಲ್ಲ. ಹೊಸ ಪೇಜ್ ಭಾರ; ಮಳೆಗಾಲದ ನೆಟ್‌ನಲ್ಲಿ ಚಕ್ರ ತಿರುಗ್ತಾ ಕೂರುತ್ತೆ. ವರ್ಷ ವರ್ಷ ಚಂದಾ ಕಟ್ಟಬೇಕು. ಇಂಥ ಎಡಿಟರ್‌ನಲ್ಲಿ ಕಟ್ಟಿದ್ದನ್ನ ಹಾಗೇ ಎತ್ತಿ ಬೇರೆ ಕಡೆ ಇಡೋದು ಸಾಮಾನ್ಯವಾಗಿ ಆಗದ ಮಾತು. ಅದಕ್ಕೇ ಡೊಮೇನ್ ಹೆಸರನ್ನ ಬೇರೆಯಾಗಿ, ಅಕ್ಕನ ಹೆಸರಲ್ಲೇ ಕೊಂಡೆ. ಫೋಟೋಗಳನ್ನೂ ಬರಹವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಅವಳ ಬೀರುವಿನಲ್ಲಿಟ್ಟೆ. ನಮ್ಮ ಟೀಮಿಗೆ ಹೊಸದಾಗಿ ಸೇರೋ ಹುಡುಗರಿಗೆ ಈಗಲೂ ಮೊದಲ ಪೇಜನ್ನ ಕೈಯಲ್ಲೇ ಬರೆಸ್ತೀನಿ. ಎಐ ಬರೆದುಕೊಡುತ್ತಲ್ಲ ಸರ್ ಅಂತಾರೆ. ಬರೆದುಕೊಡಲಿ. ಒತ್ತು ಎಲ್ಲಿ ಕತ್ತರಿಸ್ತಿದೆ ಅಂತ ಹುಡುಕೋಕೆ ಒಳಗೆ ಏನಿದೆ ಅಂತ ಗೊತ್ತಿರಬೇಕಲ್ಲ.

ಹೋದ ವಾರ ರಾತ್ರಿ ಹತ್ತೂವರೆಗೆ ಸುಮ್ಮನೆ ಅಕ್ಕನ ಪೇಜ್ ತೆರೆದೆ. 'ಈ ವರ್ಷದ ಜೀರಿಗೆ ಮಿಡಿ ಖಾಲಿ. ಮುಂದಿನ ವರ್ಷ ನೋಡೋಣ' ಅಂತಿತ್ತು. ಕೆಂಪಕ್ಷರ, ಹಳದಿ ಹಿನ್ನೆಲೆ. ಕಣ್ಣಿಗೆ ಹೊಡೆಯೋ ಹಾಗಿದೆ. ಯಾರು ಹಾಕಿದ್ದು ಅಂತ ಮೆಸೇಜ್ ಮಾಡಿದೆ.

"ನಾನೇ ಕಣೋ. ಈಗಷ್ಟೇ, ಫೋನಲ್ಲೇ" ಅಂತ ಬಂತು.