ಬ್ಯಾಗು ಕೊಟ್ಟವರು, ಬಾಗಿಲು ತೆರೆದವರು

ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ನಮ್ಮ ತೆರಕಣಾಂಬಿ ಕಡೆಯ ಕೇರಿಗಳಿಗೆ ಕಾರು ಬರುತ್ತವೆ. ಗುಂಡ್ಲುಪೇಟೆಯಿಂದ, ಮೈಸೂರಿನಿಂದ, ಒಂದೊಂದು ಸಲ ಬೆಂಗಳೂರಿನಿಂದ. ಇಳಿಯುವವರು ಕೆಟ್ಟವರೇನಲ್ಲ. ಬ್ಯಾಗು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು ತರುತ್ತಾರೆ. ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಒಂದು ಬ್ಯಾಗಿಗೆ ನಾಲ್ಕು ಜನ ಕೈ ಹಚ್ಚಿ, ಫೋಟೊ ಬೀಳುವ ತನಕ ಬಿಡದೆ ಹಿಡಿದುಕೊಂಡಿರುತ್ತಾರೆ.

ಅಂಥ ಒಂದು ಸಮಾರಂಭದಲ್ಲಿ ನಾವು ಹಿಂದೆ ನಿಂತಿದ್ದೆವು. ಐದನೇ ಕ್ಲಾಸಿನ ಒಂದು ಹೆಣ್ಣುಕೂಸಿಗೆ ದಾನಿಗಳನ್ನು ಹೊಗಳುವ ನಾಲ್ಕು ಸಾಲು ಬಾಯಿಪಾಠ ಮಾಡಿಸಿದ್ದರು. ಮೈಕಿನ ಮುಂದೆ ನಿಂತ ಕೂಸಿಗೆ ಎಲ್ಲಾ ಮರೆತುಹೋಯಿತು. ತಲೆ ತಗ್ಗಿಸಿ ಕಾಲುಬೆರಳಲ್ಲಿ ನೆಲ ಕೆರೆಯುತ್ತ ನಿಂತಿತು. ವೇದಿಕೆಯ ಮೇಲಿದ್ದವರು ನಕ್ಕರು. ಆ ನಗೆಯಲ್ಲಿ ಪ್ರೀತಿಯೇ ಇತ್ತೇನೋ, ಇಲ್ಲ ಅನ್ನುವುದಿಲ್ಲ. ಆಮೇಲೆ ಬ್ಯಾಗು ಕೈಗೆ ಬಂತು. ಬ್ಯಾಗಿನ ಮೇಲೆ ದಾನಿಯ ಮುಖ ಅಚ್ಚಾಗಿತ್ತು. ಆ ಕೂಸು ವರ್ಷಪೂರ್ತಿ ಆ ಮುಖವನ್ನು ಬೆನ್ನ ಮೇಲೆ ಹೊತ್ತು ತಿರುಗಬೇಕು. ನಮ್ಮೂರಿನ ಹಳೆಯ ಶಾಸನಗಳಲ್ಲೂ ದಾನ ಕೊಟ್ಟವರ ಹೆಸರುಂಟು, ಕಲ್ಲು ಹೊತ್ತವರ ಹೆಸರಿಲ್ಲ.

ಸಿಟ್ಟಿನಲ್ಲಿ ಆ ಕೂಸಿನ ಮನೆಗೆ ಹೋಗಿ, ಇಂಥದ್ದನ್ನೆಲ್ಲ ಯಾಕೆ ಈಸಿಕೊಳ್ಳುತ್ತೀರಿ ಅಂತ ಅದರ ಅವ್ವನನ್ನು ಕೇಳಿದೆವು. ಆ ತಾಯಿ ನಮ್ಮನ್ನು ನೆಟ್ಟಗೆ ನೋಡಿ ಹೇಳಿದಳು: "ನಿಮ್ಗೇನಪ್ಪ, ಆಸ್ಟ್ಲಲ್ಲಿ ಉಂಡ್ಕಂಡು ಮಾತಾಡ್ತೀರಿ. ಈ ಬ್ಯಾಗ್ಗ ಅಂಗ್ಡೀಲಿ ಐನೂರು ಕೇಳ್ತರ. ಚೆಂಡುವ್ವ ಕುಯ್ಯಕ್ಕೋದ್ರ ನಂಗ ಎರ್ಡು ದಿನದ ಕೂಲಿ ಕನಪ್ಪ ಅದು."

ನಾವು ಬಾಯಿ ಮುಚ್ಚಿಕೊಂಡು ಬಂದೆವು. ಆದರೆ ಆವತ್ತಿನಿಂದ ಈ ಮಾತನ್ನು ಮನಸ್ಸಿನಿಂದ ತೆಗೆಯಲಾಗಿಲ್ಲ. ಅದಕ್ಕೇ ಈ ಬರಹ.

ಬ್ಯಾಗು ಬೇಡ ಎನ್ನುವುದು ನಮ್ಮ ವಾದವಲ್ಲ. ಹಸಿದವರ ಮುಂದೆ ಸ್ವಾಭಿಮಾನದ ಭಾಷಣ ಮಾಡುವುದು ಹೊಟ್ಟೆ ತುಂಬಿದವರ ಕೆಲಸ. ನಮ್ಮ ಪ್ರಶ್ನೆ ಬೇರೆ. ಮಕ್ಕಳಿಗಾಗಿ, ಯುವಕರಿಗಾಗಿ ದುಡಿಯುತ್ತೇವೆ ಎನ್ನುವ ಸಂಘ, ಟ್ರಸ್ಟು, ಕ್ಲಬ್ಬು, ಮಠ ಯಾವುದೇ ಇರಲಿ, ಅವರು ಬಂದು ಹೋದ ಮೇಲೆ ನಮ್ಮ ಕೂಸು ತಲೆ ಎತ್ತಿತೋ, ತಗ್ಗಿಸಿತೋ? ನಾವು ಅಳೆಯಬೇಕಾದ್ದು ಇದೊಂದನ್ನೇ.

ಬಾಬಾಸಾಹೇಬರೂ ನೆರವು ಪಡೆದೇ ಓದಿದವರು. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಆ ನೆರವು ಇಲ್ಲದಿದ್ದರೆ ಆ ಓದು ಎಲ್ಲಿ? ಆದರೆ ಓದಿ ಬಂದು, ಕರಾರಿನಂತೆ 1917ರಲ್ಲಿ ಬರೋಡಕ್ಕೆ ನೌಕರಿಗೆ ಹೋದರೆ, ಆ ಊರಲ್ಲಿ ತಲೆ ಮರೆಸಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಸೇರಿಕೊಂಡಿದ್ದರು. ಜಾತಿ ಗೊತ್ತಾದ ಮೇಲೆ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಕೈಯಲ್ಲಿ ವಿದೇಶದ ಪದವಿ, ತಲೆಯ ಮೇಲೆ ಸೂರಿಲ್ಲ.

ಮುಂದೆ ಅವರು ಮಾಡಿದ್ದೇನು ನೋಡಿ. 1924ರ ಜುಲೈನಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಅದರ ಮೊದಮೊದಲ ಕೆಲಸಗಳಲ್ಲಿ ಒಂದು, 1925ರಲ್ಲಿ ಸೋಲಾಪುರದಲ್ಲಿ ತೆರೆದ ಹಾಸ್ಟೆಲ್. 1928ರಲ್ಲಿ ಶಿಕ್ಷಣಕ್ಕೆಂದೇ ಇನ್ನೊಂದು ಸಂಘ ಕಟ್ಟಿದರು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡದಲ್ಲೂ ಅವರ ಶ್ರಮದಿಂದ ಹಾಸ್ಟೆಲ್ ಬಂತು. ಸೂರಿಲ್ಲದ ಓದು ಏನೆಂದು ಉಂಡು ಬಲ್ಲವರು ಮೊದಲು ಸೂರನ್ನೇ ಕಟ್ಟಿದರು ಎಂದು ನಮಗನ್ನಿಸುತ್ತದೆ.

ಬಾಗಿಲು ತೆರೆದವರಲ್ಲಿ ನಮ್ಮ ಕೇರಿಯಲ್ಲಿ ಹುಟ್ಟದವರೂ ಇದ್ದಾರೆ. ಅವರನ್ನು ಮರೆತರೆ ನಾವು ಕೃತಘ್ನರು. ಕೊಲ್ಲಾಪುರದ ಶಾಹು ಮಹಾರಾಜರು 1908ರಲ್ಲೇ ಅಸ್ಪೃಶ್ಯ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಮಾಡಿದರು. ಮೈಸೂರಿನಲ್ಲಿ ತಲಕಾಡು ರಂಗಶೆಟ್ಟರು, ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ನಮ್ಮ ಅಜ್ಜಂದಿರ ಕಾಲದ ಮಕ್ಕಳನ್ನು ಅಕ್ಷರಕ್ಕೆ ಹಚ್ಚಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ 1897ರಲ್ಲಿ ದಲಿತೋದ್ಧಾರದ ಸಂಸ್ಥೆ ಕಟ್ಟಿ, ಶಾಲೆ ನಡೆಸಿ, ಅದಕ್ಕಾಗಿ ಸ್ವಂತ ಜಾತಿಯವರಿಂದ ಬಹಿಷ್ಕಾರ ತಿಂದರು. ತನ್ನ ಶಾಲೆಯಲ್ಲಿ ಓದಿದ ಮಗು ದೊಡ್ಡ ಅಧಿಕಾರಿಯಾಗಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಚಕ್ರದ ಧೂಳು ತನ್ನ ತಲೆಗೆ ತಾಗಬೇಕು ಎನ್ನುವುದು ಅವರ ಆಸೆಯಾಗಿತ್ತಂತೆ. ಗೆಳೆಯರೇ, ಒಬ್ಬರು ಮಗುವಿನ ಬೆನ್ನಿಗೆ ತನ್ನ ಮುಖ ಅಂಟಿಸುತ್ತಾರೆ, ಇನ್ನೊಬ್ಬರು ಆ ಮಗುವಿನ ದಾರಿಯ ಧೂಳಿಗೆ ತನ್ನ ತಲೆ ಒಡ್ಡುತ್ತಾರೆ. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಇದು ಹಳೇ ಕಾಲದ ಕತೆಯಾಯ್ತು ಅನ್ನಬೇಡಿ. ನಮ್ಮ ಜಿಲ್ಲೆಯಲ್ಲೇ ನೋಡಿ. ಚಾಮರಾಜನಗರದಲ್ಲಿ ಜಿ.ಎಸ್. ಜಯದೇವ ಅವರು 1992ರಲ್ಲಿ ಶುರು ಮಾಡಿದ ದೀನಬಂಧು, ದಿಕ್ಕಿಲ್ಲದ ಮಕ್ಕಳಿಗೆ ಮನೆಯಾಯಿತು, ಶಾಲೆಯಾಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅಲ್ಲಿ ಸೋಲಿಗರ ಮಕ್ಕಳು ಕಾಡಿನ ನಡುವೆಯೇ ಓದಿದರು. ಮುಂದೆ ಸೋಲಿಗರು ತಮ್ಮದೇ ಸಂಘ ಕಟ್ಟಿಕೊಂಡರು. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಹಿಡಿದು ಕೂತರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಅರಣ್ಯ ಹಕ್ಕುಪತ್ರ ಪಡೆದರು. ದೇಶದಲ್ಲಿ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹಾಗೆ ಪಡೆದವರಲ್ಲಿ ಅವರೇ ಮೊದಲಿಗರು. ಓದು ಅಂದರೆ ಇದು. ಸ್ಲೇಟು ಹಿಡಿದ ಕೈ ಮುಂದೆ ಹಕ್ಕುಪತ್ರ ಹಿಡಿಯಬೇಕು.

ಇನ್ನು ನಮ್ಮ ಹಾಸ್ಟೆಲ್ಲು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಎಪ್ಪತ್ತರ ದಶಕದಲ್ಲಿ ಈ ನಾಡಿನ ಹಾಸ್ಟೆಲ್‌ಗಳಿಗೆ ಕೇರಿಯ ಹುಡುಗರು ತಗಡಿನ ಪೆಟ್ಟಿಗೆ ಹೊತ್ತು ಬಂದರು. ಒಂದೊಂದು ಹಳ್ಳಿಯಲ್ಲಿ ಒಬ್ಬೊಬ್ಬನೇ ನುಂಗಿಕೊಂಡಿದ್ದ ಅವಮಾನವನ್ನು ರಾತ್ರಿ ಒಂದೇ ಕೋಣೆಯಲ್ಲಿ ಮಲಗಿ ಹೇಳಿಕೊಂಡರು. ನನ್ನೂರಲ್ಲೂ ಹಿಂಗೇ, ನಿನ್ನೂರಲ್ಲೂ ಹಿಂಗೇ ಎಂದು ಗೊತ್ತಾದದ್ದು ಅಲ್ಲಿ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಏಟು ತಿಂದವರು ಯಾರು? ಹಾಸ್ಟೆಲ್ಲಿನ ದಲಿತ ಹುಡುಗರು. ಬಸವಲಿಂಗಪ್ಪನವರು ಮಂತ್ರಿಗಿರಿ ಕಳೆದುಕೊಂಡರು. ಆದರೆ ಏಟು ತಿಂದ ಹುಡುಗರು ಸುಮ್ಮನಾಗಲಿಲ್ಲ. ಆ ದಶಕದಲ್ಲೇ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಿತು. ಆದ್ದರಿಂದ ಹಾಸ್ಟೆಲ್ಲನ್ನು ಅನ್ನಛತ್ರ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಅದು ನಮ್ಮ ಮೊದಲ ಸಂಘ.

ಈಗ ಬ್ಯಾಗಿನ ವಿಷಯಕ್ಕೆ ಮತ್ತೆ ಬರೋಣ. ನಮ್ಮ ಜೊತೆ ಪಿಯುಸಿ ಓದುತ್ತಿದ್ದ ಒಬ್ಬ ಗೆಳೆಯನಿದ್ದ. ನಮಗಿಂತ ಚುರುಕು. ಅವನ ವಿದ್ಯಾರ್ಥಿವೇತನ ಬರಲೇ ಇಲ್ಲ. ಯಾಕೆ? ಅರ್ಜಿ ಹಾಕಿದ್ದ, ಮಂಜೂರೂ ಆಗಿತ್ತು. ಆದರೆ ಅವನ ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ. ಬ್ಯಾಂಕಿನವರು ನಾಳೆ ಬಾ ಅಂದರು. ಕಾಲೇಜಿನವರು ಇಲಾಖೆಯನ್ನು ಕೇಳು ಅಂದರು. ಇಲಾಖೆಯವರು ಬ್ಯಾಂಕಿಗೆ ಹೋಗು ಅಂದರು. ಮೂರು ಸಲ ಬಸ್ ಚಾರ್ಜು ಕೊಟ್ಟು ಅಲೆದ. ನಾಲ್ಕನೇ ಸಲ ಅವನು ಹತ್ತಿದ್ದು ವಯನಾಡಿನ ಶುಂಠಿ ಹೊಲದ ಜೀಪು. ಇವತ್ತಿಗೂ ಅಲ್ಲೇ ಇದ್ದಾನೆ. ಅವನಿಗೆ ಬೇಕಿದ್ದದ್ದು ಬ್ಯಾಗಲ್ಲ, ಜೊತೆಗೆ ಬ್ಯಾಂಕಿಗೆ ಬಂದು ಪಕ್ಕದಲ್ಲಿ ನಿಲ್ಲುವ ಒಬ್ಬ ಮನುಷ್ಯ. ನಾವೂ ನಿಲ್ಲಲಿಲ್ಲ. ಪರೀಕ್ಷೆ ಇತ್ತು ಅಂತ ಸಬೂಬು ಹೇಳಿಕೊಂಡೆವು.

ಮೆಟ್ರಿಕ್ ನಂತರದ ಈ ವಿದ್ಯಾರ್ಥಿವೇತನ 1944ರಿಂದ ನಡೆದು ಬಂದದ್ದು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಐದು ವರ್ಷಗಳಿಗೆಂದು 59,048 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು, ಅದರಲ್ಲಿ ಶೇ. 60 ಕೇಂದ್ರದ ಪಾಲು. ನಮ್ಮ ರಾಜ್ಯದಲ್ಲಿ ಪರಿಶಿಷ್ಟರ ಉಪಯೋಜನೆಗೆ 2013ರಲ್ಲೇ ಕಾಯ್ದೆ ಬಂತು. ಆ ಕಾಯ್ದೆಯ 7(ಡಿ) ಎನ್ನುವ ಕಿಂಡಿಯಿಂದ ನಮ್ಮ ಹೆಸರಿನ ಹಣ ಊರಿನವರೆಲ್ಲರ ರಸ್ತೆಗೂ ಸೇತುವೆಗೂ ಹರಿದುಹೋಗುತ್ತಿತ್ತು. ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಅದನ್ನು ತೆಗೆದರು. ಹಣ ಇಲ್ಲ ಅಂತಲ್ಲ. ಸರ್ಕಾರದ ಪುಸ್ತಕದಲ್ಲಿರುವ ಹಣ ತೆರಕಣಾಂಬಿಯ ಹುಡುಗನ ಕೈಗೆ ಬರುವ ದಾರಿಯಲ್ಲಿ ಹತ್ತು ಬಾಗಿಲು. ಒಂದೊಂದಕ್ಕೂ ಬೀಗ. ಸಂಸ್ಥೆಗಳು ಆ ಬೀಗದ ಬಗ್ಗೆ ಮಾತೆತ್ತದೆ, ಬಾಗಿಲ ಹೊರಗೆ ನಿಂತವನ ಕೈಗೆ ಒಂದು ಬ್ಯಾಗು ಕೊಟ್ಟು ಹೋದರೆ, ಅದು ಬೀಗ ಹಾಕಿದವನಿಗೇ ಆದ ಉಪಕಾರ.

ನಮ್ಮ ಕಡೆಯ ನೀಲಗಾರರು ಹಾಡುವ ಸಿದ್ದಪ್ಪಾಜಿಯ ಕತೆ ನಿಮಗೆ ಗೊತ್ತು. ಮಂಟೇಸ್ವಾಮಿ ಅವನನ್ನು ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಕಳಿಸಿದರು. ಅಲ್ಲಿನ ಪಾಂಚಾಳರು ಕೊಟ್ಟ ಕಾಟ ಒಂದೆರಡಲ್ಲ. ಅವನು ಕೇಳಿದ್ದನ್ನು ಪಡೆಯದೆ ಹಿಂದಕ್ಕೆ ಬರಲಿಲ್ಲ. ಅದಕ್ಕೆ ಹೆಸರು ಭಿಕ್ಷೆಯೇ ಇರಬಹುದು, ಆದರೆ ಕೇಳಿದ ರೀತಿ ಭಿಕ್ಷುಕನದಲ್ಲ. ನಮಗೆ ಬೇಕಾದ್ದು ಆ ರೀತಿ.

ಹಂಗಂತ ಬೈಗುಳವೆಲ್ಲ ಹೊರಗಿನವರಿಗೇ ಇಡುವುದು ಬೇಡ. ಏಪ್ರಿಲ್ 14ರಂದು ನಮ್ಮವರೇ ಹಂಚುವ ನೋಟ್‌ಬುಕ್ಕಿನ ರಟ್ಟು ನೋಡಿದ್ದೀರಾ? ಮೂಲೆಯಲ್ಲಿ ಬಾಬಾಸಾಹೇಬರು ಸಣ್ಣಗೆ, ನಡುವೆ ನಮ್ಮ ಲೀಡರು ದೊಡ್ಡದಾಗಿ. ಇದೇ ಹಾಸ್ಟೆಲ್ಲಿನ ಅನ್ನ ಉಂಡು ನೌಕರಿ ಹಿಡಿದ ಅಣ್ಣಂದಿರು ಮೈಸೂರಿನಲ್ಲಿ ಮನೆ ಕಟ್ಟಿ, ಹಬ್ಬಕ್ಕೆ ಮಾತ್ರ ಕೇರಿಗೆ ಬಂದು, "ಹುಡುಗರು ಓದಲ್ಲ ಕಣಯ್ಯ" ಅಂತ ಬುದ್ಧಿ ಹೇಳಿ ಹೋಗುತ್ತಾರೆ. ನಾಳೆ ನಾವೂ ಆ ಅಣ್ಣಂದಿರೇ ಆಗುವವರು. ಅದನ್ನು ಈಗಲೇ ತಡೆಯಬೇಕು.

ಹಾಗಾದರೆ ಏನು ಮಾಡೋಣ? ಹೊಸ ಟ್ರಸ್ಟು, ರಸೀತಿ ಪುಸ್ತಕ, ಲೆಟರ್‌ಹೆಡ್ಡು ಯಾವುದೂ ಬೇಡ. ಈ ಸಲ ದಸರಾ ರಜೆಗೆ ಊರಿಗೆ ಹೋದಾಗ ನಾಲ್ಕು ಕೆಲಸ ಮಾಡೋಣ.

ಒಂದು: ಕೇರಿಯ ಮನೆಮನೆಗೆ ಹೋಗಿ, ಆರರಿಂದ ಹದಿನಾಲ್ಕರ ನಡುವಿನ ಯಾವ ಕೂಸು ಶಾಲೆ ಬಿಟ್ಟಿದೆ, ಯಾಕೆ ಬಿಟ್ಟಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಣ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆ ಕೂಸನ್ನು ಶಾಲೆಗೆ ಕರೆತರುವುದು ಸರ್ಕಾರದ ಕರ್ತವ್ಯ, ಯಾರ ದಯೆಯೂ ಅಲ್ಲ. ಬರೆದ ಪಟ್ಟಿಯನ್ನು ಮೇಷ್ಟ್ರಿಗೂ ಪಂಚಾಯಿತಿಗೂ ಕೊಟ್ಟು ಸಹಿ ಈಸಿಕೊಳ್ಳೋಣ.

ಎರಡು: ವಿದ್ಯಾರ್ಥಿವೇತನದ ಅರ್ಜಿ ಯಾರದು ಎಲ್ಲಿ ನಿಂತಿದೆ ನೋಡೋಣ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆ, ಯಾವುದು ಬಾಕಿ? ಒಬ್ಬೊಬ್ಬರು ಇಬ್ಬಿಬ್ಬರು ಮಕ್ಕಳ ಜೊತೆ ನಾಡಕಚೇರಿಗೂ ಬ್ಯಾಂಕಿಗೂ ಹೋಗಿ ನಿಲ್ಲೋಣ.

ಮೂರು: ಶಾಲೆಯ ಎಸ್‌ಡಿಎಂಸಿ ಸಭೆಗೆ ನಮ್ಮ ಅವ್ವಂದಿರನ್ನು ಕಳಿಸೋಣ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಗಳು, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಯಾರು ಬ್ಯಾಗು ಹಂಚಬೇಕು, ಹೇಗೆ ಹಂಚಬೇಕು ಎಂದು ಅಲ್ಲಿ ಅವರೇ ತೀರ್ಮಾನ ಮಾಡಲಿ. ಬ್ಯಾಗು ಕೊಡುವವರು ಕೊಡಲಿ. ಮುಖ ಅಚ್ಚು ಹಾಕಿಸಬೇಡಿ, ಮಕ್ಕಳನ್ನು ಸಾಲು ನಿಲ್ಲಿಸಬೇಡಿ ಎಂದು ಅವ್ವಂದಿರು ಹೇಳಲಿ.

ನಾಲ್ಕು: ಸಂಜೆಪಾಠ. ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1855ರಲ್ಲೇ ದುಡಿಯುವ ಜನಕ್ಕೆ ರಾತ್ರಿಶಾಲೆ ನಡೆಸಿದರು. ನಮಗೆ ಬೇಕಾದ್ದು ಒಂದು ಜಗಲಿ, ಒಂದು ಬಲ್ಬು, ದಿನಕ್ಕೆ ಒಂದು ಗಂಟೆ. ಹಾಸ್ಟೆಲ್ಲಿನ ತಂಗಿಯರು ಹೆಣ್ಣುಮಕ್ಕಳಿಗೆ ಪಾಠ ಹೇಳಲಿ. ಎಳೇ ವಯಸ್ಸಿಗೆ ಮದುವೆ ಮಾತು ಎದ್ದರೆ 1098ಕ್ಕೆ ಫೋನು ಮಾಡುವುದನ್ನೂ ಹೇಳಿಕೊಡಲಿ.

ಇಷ್ಟು ಮಾಡಿದರೆ ನಾವೇ ಒಂದು ಸಂಸ್ಥೆ. ಬೋರ್ಡು ಬೇಕಾಗಿಲ್ಲ.

ಕೊನೆಗೊಂದು ಮಾತು. ಮೊನ್ನೆ ಊರಿಗೆ ಹೋದಾಗ ಆ ಕೂಸು ಸಿಕ್ಕಿತು. ಬ್ಯಾಗಿನ ಮೇಲಿನ ಮುಖ ಮಳೆಗೆ ಬಿಸಿಲಿಗೆ ಅರ್ಧ ಮಾಸಿಹೋಗಿತ್ತು. ಬ್ಯಾಗು ಗಟ್ಟಿಯಾಗೇ ಇತ್ತು. "ಅಣ್ಣ, ಭಾಗಾಕಾರ ಬರಲ್ಲ, ಹೇಳ್ಕೊಡ್ತೀಯಾ?" ಅಂತ ಕೇಳಿತು. ಮೈಕಿನ ಮುಂದೆ ತಗ್ಗಿದ್ದ ತಲೆ ಈಗ ಮೇಲಕ್ಕಿತ್ತು, ಕಣ್ಣು ನಮ್ಮನ್ನೇ ನೋಡುತ್ತಿತ್ತು. ಅಲ್ಲೇ ಜಗಲಿಯ ಮೇಲೆ ಕೂತು ಹೇಳಿಕೊಟ್ಟೆವು. ಮೂರು ಲೆಕ್ಕ ತಪ್ಪಿ ನಾಲ್ಕನೆಯದು ಸರಿ ಬಂತು.

ದಸರಾ ರಜೆಗೆ ಬನ್ನಿ. ಜಗಲಿ ಖಾಲಿಯಿದೆ.

ಜೈಭೀಮ್.