ಹೆಸರು ಹಾಕಿದರೆ ಸಾಲದು

ತಾವಾಗಿಯೇ ವ್ಯಂಗ್ಯಚಿತ್ರ ಕಲಿತ ಹುಡುಗ ಹುಡುಗಿಯರು ಸಂಭಾವನೆ ಕೇಳಲು ಹಿಂಜರಿಯುತ್ತಾರೆ. ‘ನಾವೇನು ಕಲಾಶಾಲೆಯಲ್ಲಿ ಓದಿದವರೇ ಮೇಡಂ, ಅಚ್ಚಾದರೆ ಸಾಕು’ ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಏಕೆಂದರೆ ಇದೇ ಹಿಂಜರಿಕೆಯ ಮೇಲೆ ಎಷ್ಟೋ ಪುಟಗಳು ಪುಕ್ಕಟೆಯಾಗಿ ತುಂಬುತ್ತಿವೆ.

ಕಲಾಶಾಲೆಯ ಮಾತನ್ನೇ ಮೊದಲು ನೋಡೋಣ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈಯ ಜೆ.ಜೆ. ಕಲಾಶಾಲೆ ಪ್ರವೇಶ ಕೊಡಲಿಲ್ಲ. ಅವರು ಮೈಸೂರಿನಲ್ಲೇ ಬಿ.ಎ. ಓದಿದರು. ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ‘ದಿ ಹಿಂದೂ’ವಿನಲ್ಲಿ ಚಿತ್ರ ಬರೆದರು; ಲೇಖಕ ರಾಶಿಯವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಬರೆದರು. ಕುಂದಾಪುರದ ಸತೀಶ್ ಆಚಾರ್ಯ ಓದಿದ್ದು ಎಂಬಿಎ. ಈ ಇಬ್ಬರು ವ್ಯಂಗ್ಯಚಿತ್ರಕಾರರಿಗೂ ಪತ್ರಿಕೆಯ ಪುಟವೇ ತರಗತಿಯಾಯಿತು.

ನಾನು ಬಿ.ಕಾಂ. ಮುಗಿಸಿ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವಳು. ಅಲ್ಲಿ ಬರುತ್ತಿದ್ದ ರೈತರು, ದಲಾಲರು, ಹಮಾಲರನ್ನು ನೋಡಿಯೇ ಚಿತ್ರ ಕಲಿತೆ. ದರ ಕುಸಿದ ದಿನ ಚೀಲದ ಮೇಲೆ ಕೂತವನ ಬೆನ್ನು ಹೇಗೆ ಬಾಗುತ್ತದೆ ಎಂಬುದು ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಉಳಿದದ್ದನ್ನು ಕಲಿಸಿದ್ದು ಅಚ್ಚಿನ ಮನೆ. ಚಿತ್ರ ಒಂದು ಕಾಲಂಗೆ ಇಳಿದಾಗ ಒತ್ತೊತ್ತಾದ ಗೆರೆಗಳು ಒಂದಕ್ಕೊಂದು ಅಂಟಿ ಬರೀ ಮಸಿಯಾಗುತ್ತವೆ. ಐದು ಮುಖಗಳಿರುವ ಕಡೆ ಎರಡು ಸಾಕು. ಸಂಜೆಯ ಸುದ್ದಿಗೆ ಚಿತ್ರ ರಾತ್ರಿಯೊಳಗೇ ಕೈಸೇರಬೇಕು. ಇದನ್ನೆಲ್ಲ ಕಲಿಯುವ ಕಾಲದಲ್ಲೂ ಮನೆ ಬಾಡಿಗೆ ಕಟ್ಟಬೇಕಲ್ಲ!

ಪ್ರಕಾಶಕರೊಬ್ಬರು ಮಕ್ಕಳ ಪುಸ್ತಕಕ್ಕೆ ನನ್ನಿಂದ ಪುಟಪುಟಕ್ಕೂ ಚಿತ್ರ ಬರೆಸಿಕೊಂಡರು. ಹಣ ಕೇಳಿದರೆ ‘ಒಳಪುಟದಲ್ಲಿ ನಿಮ್ಮ ಹೆಸರು ಹಾಕಿದ್ದೇವಲ್ಲ’ ಎಂದರು. ಕಾಗದ ಕೊಟ್ಟವರಿಗೆ, ಮುದ್ರಿಸಿದವರಿಗೆ, ಬೈಂಡ್ ಮಾಡಿದವರಿಗೆಲ್ಲ ಹಣ ಸಂದಿತ್ತು. ಮಕ್ಕಳು ಆ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಿದ್ದುದೇ ಚಿತ್ರ ನೋಡಿ.

ಕಾನೂನು ಈ ವಿಷಯದಲ್ಲಿ ಕಲಾವಿದರ ಕಡೆಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರರಲ್ಲದವರು ತಾವಾಗಿ ಬರೆದು ಕಳಿಸಿದ ಚಿತ್ರದ ಹಕ್ಕು ಅವರದೇ. ಆ ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಬರಹದಲ್ಲಿ, ಸಹಿಯೊಂದಿಗೆ ಕೊಡಬೇಕು. ಕರಾರಿನಲ್ಲಿ ಅವಧಿ ಕಾಣಿಸದಿದ್ದರೆ ಅದು 5 ವರ್ಷಕ್ಕೆ ಸೀಮಿತ. ಪ್ರದೇಶ ಕಾಣಿಸದಿದ್ದರೆ ಭಾರತಕ್ಕೆ ಸೀಮಿತ. ಕಲಾಶಾಲೆಯ ಪ್ರಮಾಣಪತ್ರ ಇದೆಯೇ ಎಂದು ಕಾಯ್ದೆ ಕೇಳುವುದಿಲ್ಲ.

ಸಣ್ಣ ಪತ್ರಿಕೆಗಳ ಕಷ್ಟ ನನಗೂ ಗೊತ್ತು. ಜಾಹೀರಾತು ಇಲ್ಲದ ವಾರ ಸಂಪಾದಕರೇ ಕೈಯಿಂದ ಹಾಕಿ ಪತ್ರಿಕೆ ತರುವುದನ್ನು ಕಂಡಿದ್ದೇನೆ. ಅಂಥವರನ್ನು ದೊಡ್ಡ ಮೊತ್ತ ಕೇಳುವುದು ನ್ಯಾಯವಲ್ಲ. ಆದರೆ ಮೊತ್ತ ಸಣ್ಣದಾದರೂ ಅದು ಮೊದಲೇ ಗೊತ್ತಿರಬೇಕು, ಹೇಳಿದ ದಿನಕ್ಕೆ ಸಿಗಬೇಕು. ಹಣ ಕೊಟ್ಟ ಸಂಪಾದಕರು ‘ಈ ಮುಖ ಸರಿಬಂದಿಲ್ಲ, ತಿದ್ದಿ ಕೊಡಿ’ ಎಂದು ಧೈರ್ಯವಾಗಿ ಹೇಳುತ್ತಾರೆ. ಬಿಟ್ಟಿ ಬಂದ ಚಿತ್ರವನ್ನು ಯಾರೂ ತಿದ್ದಿಸುವುದಿಲ್ಲ. ಹಾಗಾಗಿ ಬಿಟ್ಟಿ ಕೊಟ್ಟವರು ಕಲಿಯುವುದೂ ಕಡಿಮೆ.

ಆದ್ದರಿಂದ ಸಂಪಾದಕರಲ್ಲಿ, ಪ್ರಕಾಶಕರಲ್ಲಿ ನನ್ನ ಮನವಿ: ಚಿತ್ರಕ್ಕೆ ಒಂದು ದರ ಗೊತ್ತುಮಾಡಿ, ಅದನ್ನು ಪುಟದಲ್ಲೇ ಪ್ರಕಟಿಸಿ. ಹೊಸ ಕಲಾವಿದರಿಗೆ ಹೇಳುವುದಿಷ್ಟು: ಚಿತ್ರ ಕಳಿಸುವ ಮೇಲ್‌ನಲ್ಲೇ ‘ಒಂದು ಬಾರಿಯ ಪ್ರಕಟಣೆಗೆ ಮಾತ್ರ, ಸಂಭಾವನೆ ಇಷ್ಟು’ ಎಂದು ಬರೆಯಿರಿ. ಉತ್ತರ ಬಂದ ಮೇಲೆ ಅದನ್ನು ಜೋಪಾನವಾಗಿಡಿ. ನೀವು ಕೇಳುತ್ತಿರುವುದು ದುಡಿಮೆಯ ಹಣ, ದಾನವಲ್ಲ.